ಬಾಕಿ ದೂರುಗಳು: ಸೊನ್ನೆ

ಆಫೀಸಿನಲ್ಲಿ ಅವನಿಗೆ ಸೊನ್ನೆ ಸಾಹೇಬ ಎಂದು ಹೆಸರು ಬಿದ್ದಿತ್ತು. ಇಟ್ಟವರು ಬೆನ್ನ ಹಿಂದೆ ನಗುವುದಕ್ಕೆಂದು ಇಟ್ಟಿದ್ದರು. ಅವನು ಮಾತ್ರ ಅದನ್ನು ಬಿರುದೆಂದು ತಿಳಿದು ಎದೆಯುಬ್ಬಿಸಿ ಓಡಾಡುತ್ತಿದ್ದ. ನಲವತ್ತು ದಾಟಿದ ಪ್ರೋಗ್ರಾಮರ್, ಕೆಲಸದಲ್ಲಿ ಗಟ್ಟಿಗ, ಬಾಯಲ್ಲಿ ಅದಕ್ಕಿಂತ ಗಟ್ಟಿಗ. ಅವನ ಅಭಿಪ್ರಾಯದಿಂದ ತಪ್ಪಿಸಿಕೊಂಡ ತಂತ್ರಾಂಶವೆಂದರೆ ಪ್ರಪಂಚದಲ್ಲಿ ಇನ್ನೂ ಯಾರೂ ಬರೆಯದೆ ಇದ್ದದ್ದು ಮಾತ್ರ, ಅದರ ಬಗ್ಗೆಯೂ ಅವನಿಗೆ ಕೆಲವು ಅನುಮಾನಗಳಿದ್ದವು.

ಮೌಸ್ ಮುಟ್ಟುವವರು ಅವನ ಲೆಕ್ಕದಲ್ಲಿ ಇನ್ನೂ ಅಂಬೆಗಾಲಿಡುವ ಕೂಸುಗಳು. ಕೋಡ್ ಬರೆಯಲು ಅವನದು ಕಪ್ಪು ಪರದೆಯ, ಬರೀ ಕೀಲಿಗಳಿಂದಲೇ ನಡೆಯುವ ಎಡಿಟರ್. ಅದರ ಸೆಟ್ಟಿಂಗ್ಸ್ ಕಡತ ಸಾವಿರದ ನಾನೂರು ಸಾಲು. ಒಂದು ಪದ ಅಳಿಸಲು ಹಿಡಿಯುತ್ತಿದ್ದ ಒಂದು ಸೆಕೆಂಡನ್ನು ಅರ್ಧ ಸೆಕೆಂಡಿಗೆ ಇಳಿಸುವುದಕ್ಕೆ ಒಂದು ಇಡೀ ಬೇಸಿಗೆ ಸುರಿದಿದ್ದ. ಆ ಕಡತದ ನಕಲುಗಳು ಮೂರು ಬೇರೆ ಬೇರೆ ಕಡೆ ಭದ್ರವಾಗಿದ್ದವು. ಮದುವೆಯ ಫೋಟೋಗಳಿಗೆ ಒಂದೂ ನಕಲಿರಲಿಲ್ಲ. ಹೆಂಡತಿ ಇದನ್ನು ಒಮ್ಮೆ ಕೇಳಿದ್ದಳು. ಅವನು ಉತ್ತರವಾಗಿ ಯಾವ ಕಡತಕ್ಕೆ ಎಂಥ ನಕಲು ಒಳ್ಳೆಯದು ಎಂಬ ಪುರಾಣ ಬಿಚ್ಚಿದ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ಓಪನ್ ಸೋರ್ಸ್ ಅವನ ಧರ್ಮ. ಬರೆದ ಕೋಡಿಗೆ ಬೀಗ ಹಾಕಬಾರದು, ಎಲ್ಲರ ಕಣ್ಣ ಮುಂದೆ ಇಡಬೇಕು, ಯಾರು ಬೇಕಾದರೂ ಓದಲಿ, ಬಳಸಲಿ, ತಿದ್ದಲಿ. ಮುಚ್ಚುಮರೆ ಎಂದರೆ ಅವನಿಗೆ ಮೈಯುರಿ. ಈ ಧರ್ಮಕ್ಕೆ ಅವನು ಸಲ್ಲಿಸಿದ ಸೇವೆಯ ಹೆಸರು ‘ಬಿಡುವು’. ಆರುನೂರು ಸಾಲಿನ ಪುಟ್ಟ ತಂತ್ರಾಂಶ. ಒಬ್ಬರ ಒಂದು ಪಾಳಿ ಮುಗಿದು ಇನ್ನೊಂದು ಪಾಳಿ ಶುರುವಾಗುವ ನಡುವೆ ಅವರಿಗೆ ಸಾಕಷ್ಟು ವಿಶ್ರಾಂತಿ ಸಿಕ್ಕಿದೆಯೋ ಇಲ್ಲವೋ ಎಂದು ಅದು ಹೇಳುತ್ತದೆ, ಅಷ್ಟೇ. ಕಾರ್ಖಾನೆ, ಹೋಟೆಲು, ಗೋದಾಮು, ಎಲ್ಲಿ ಪಾಳಿಯ ಕೆಲಸವಿದೆಯೋ ಅಲ್ಲಿನ ದೊಡ್ಡ ದೊಡ್ಡ ತಂತ್ರಾಂಶಗಳು ಇದನ್ನು ಬಿಟ್ಟಿಯಾಗಿ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವು. ಎಲ್ಲೆಲ್ಲಿ ಎಂದು ಅವನಿಗೂ ಗೊತ್ತಿರಲಿಲ್ಲ. ನಲವತ್ತು ಲೈಸೆನ್ಸುಗಳನ್ನು ಎರಡು ತಿಂಗಳು ಓದಿ ಅವನು ಆರಿಸಿದ ಲೈಸೆನ್ಸಿನ ಸಾರ ಇಷ್ಟು: ಇದ್ದದ್ದು ಇದ್ದ ಹಾಗೆ ಕೊಟ್ಟಿದೆ, ಏನಾದರೂ ಆದರೆ ಬರೆದವನು ಹೊಣೆಯಲ್ಲ.

ಅಂತರ್ಜಾಲದಲ್ಲಿದ್ದ ‘ಬಿಡುವು’ ಪುಟದ ನೆತ್ತಿಯ ಮೇಲೆ ಹಸಿರು ಅಕ್ಷರದಲ್ಲಿ ‘ಬಾಕಿ ದೂರುಗಳು: ೦’ ಎಂದಿತ್ತು. ಸಾಹೇಬನ ಸೊನ್ನೆ ಅದೇ. ಆ ಸೊನ್ನೆ ಬಂದ ದಾರಿಯನ್ನೂ ಹೇಳಬೇಕು. ಯಾರು ದೂರು ಬರೆದರೂ ಅವನ ಉತ್ತರ ಒಂದೇ: ‘ಕೋಡ್ ಎಲ್ಲರಿಗೂ ತೆರೆದಿದೆ. ತಿದ್ದಿ ಕಳಿಸಿ.’ ಬರೆದವರಲ್ಲಿ ಹೆಚ್ಚಿನವರು ತಿದ್ದಲು ಬಾರದವರು, ಹಾಗಾಗಿ ಸುಮ್ಮನಾಗುತ್ತಿದ್ದರು. ಹದಿನಾಲ್ಕು ದಿನ ಕಳೆದರೆ ಅವನೇ ಬರೆದಿಟ್ಟ ಒಂದು ಯಂತ್ರ ಬಂದು ‘ಆಸಕ್ತಿಯಿಲ್ಲವೆಂದು ತಿಳಿದು ಮುಚ್ಚಲಾಗಿದೆ’ ಎಂದು ದೂರಿನ ಬಾಯಿ ಮುಚ್ಚುತ್ತಿತ್ತು. ಕಸವನ್ನು ಮಂಚದ ಕೆಳಗೆ ಗುಡಿಸಿ ಮನೆ ಚೊಕ್ಕಟವಾಯಿತು ಎನ್ನುವವರನ್ನು ನಾವು ನೋಡಿದ್ದೇವೆ. ಅದಕ್ಕೊಂದು ಯಂತ್ರ ಮಾಡಿ ಸಮಾವೇಶದಲ್ಲಿ ಭಾಷಣಕ್ಕೆ ಹೊರಟವನು ಇವನೊಬ್ಬನೇ. ಮುಂದಿನ ತಿಂಗಳು ಪ್ರೋಗ್ರಾಮರುಗಳ ದೊಡ್ಡ ಸಭೆಯಲ್ಲಿ ಅವನು ‘ಸೊನ್ನೆಯ ಕಡೆಗೆ’ ಎಂಬ ವಿಷಯದ ಮೇಲೆ ನಲವತ್ತು ನಿಮಿಷ ಮಾತಾಡುವುದಿತ್ತು.

ಆ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಹೆಂಡತಿಗೆ ಬೇರೆ ಕೆಲಸವಿತ್ತು, ಅಥವಾ ಹಾಗಂತ ಹೇಳಿದ್ದಳು. ಅಕ್ಕ ದೊಡ್ಡಾಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್. ಇಪ್ಪತ್ತೆರಡು ವರ್ಷದ ಸರ್ವಿಸ್. ಅವತ್ತು ಅವಳ ಮುಖ ಬಾಡಿತ್ತು. ಭಾವ ಬಡಿಸುತ್ತಾ ವಿಷಯ ತೆಗೆದರು.

“ನಿಮ್ಮಕ್ಕಂಗೆ ನೋಟಿಸ್ ಕೊಟ್ಟಿದ್ದಾರೆ ಕಣಪ್ಪ. ಕಂಪ್ಯೂಟರ್ ಕೊಟ್ಟ ಡ್ಯೂಟಿ ಪಟ್ಟೀನ ಪೆನ್ನಲ್ಲಿ ತಿದ್ದಿದಾಳೆ ಅಂತ. ಅದರಿಂದ ಗೊಂದಲ ಆಗಿ ವಾರ್ಡಲ್ಲಿ ಎರಡು ಗಂಟೆ ಒಬ್ಬಳೇ ನರ್ಸ್ ಇದ್ಲಂತೆ. ಗುರುವಾರ ವಿಚಾರಣೆ. ಹೆಡ್ ನರ್ಸ್ ಕೆಲಸದಿಂದ ತೆಗೆದು ರೆಕಾರ್ಡ್ ರೂಮಿಗೆ ಹಾಕ್ತಾರಂತೆ.”

“ಪಟ್ಟಿ ತಪ್ಪು ಬಂದಿತ್ತು, ತಿದ್ದಿದೆ” ಎಂದಳು ಅಕ್ಕ. “ಕಂಪನಿಯವರಿಗೆ ಫೋನ್ ಮಾಡಿದ್ರೆ ತಪ್ಪು ನಮ್ಮದಲ್ಲ, ಒಳಗೆ ಯಾವುದೋ ಬಿಟ್ಟಿ ಭಾಗ ಇದೆ, ಅದರದ್ದು ಅಂದ್ರು. ಅದರ ಹೆಸರು...”

ಹೆಸರು ಬಾಯಿಂದ ಹೊರಬೀಳಲು ಅವನು ಬಿಟ್ಟರೆ ತಾನೆ! “ಸುಳ್ಳು ಅಕ್ಕ, ಶುದ್ಧ ಸುಳ್ಳು! ಕಾಸು ತಗೊಂಡು ಬೀಗ ಹಾಕಿಟ್ಟ ಕೋಡ್ ಮಾರೋರದ್ದು ಯಾವಾಗಲೂ ಇದೇ ಕಥೆ. ತಮ್ಮ ತಪ್ಪಿಗೆ ಓಪನ್ ಸೋರ್ಸ್ ಮೇಲೆ ಗೂಬೆ ಕೂರಿಸ್ತಾರೆ. ನಮ್ಮದನ್ನ ಸಾವಿರ ಜನ ನೋಡ್ತಾರೆ, ತಪ್ಪು ಎಲ್ಲಿ ಉಳಿಯುತ್ತೆ? ನನ್ನದೇ ನೋಡು. ಆರು ವರ್ಷ ಆಯ್ತು. ಬಾಕಿ ದೂರು ಸೊನ್ನೆ!”

ಹೀಗೆ ಅಕ್ಕನ ನೋಟಿಸು ಪಕ್ಕಕ್ಕೆ ಸರಿದು ಅವನ ಸೊನ್ನೆ ತಟ್ಟೆಗಳ ನಡುವೆ ಬಂದು ಕೂತಿತು. ಮುಂದೆ ಅದರ ಹರಿಕಥೆ. ದೂರು ಬರೆಯುವವರು ಎಂಥ ದಡ್ಡರು ಎಂದು ತೋರಿಸಲು ಅವನು ಫೋನ್ ತೆಗೆದ. ಭಾಷಣದಲ್ಲಿ ಜನರನ್ನು ನಗಿಸಲೆಂದೇ ಆರಿಸಿಟ್ಟ ಒಂದು ದೂರಿತ್ತು. ಬರೆದವರ ಹೆಸರು ‘ಅತಿಥಿ ೭೧೯’. ಮೂಗಿನಲ್ಲಿ ರಾಗ ಎಳೆಯುತ್ತಾ ಓದಿದ.

“‘ಮಾನ್ಯರೇ, ನಮಸ್ಕಾರ. ತಮ್ಮ ಸಮಯ ಹಾಳು ಮಾಡುತ್ತಿರುವುದಕ್ಕೆ ಕ್ಷಮಿಸಿ. ನಾನು ಕಂಪ್ಯೂಟರ್ ಕಲಿತವಳಲ್ಲ. ತಿಂಗಳ ಕೊನೆಯಲ್ಲಿ ನಮ್ಮ ಹುಡುಗಿಯರಿಗೆ ನಿದ್ದೆ ಇಲ್ಲದ ಹಾಗಾಗುತ್ತಿದೆ.’ ಕೇಳಿದ್ರಾ ಭಾವ? ಹುಡುಗಿಯರಿಗೆ ನಿದ್ದೆ ಬರದಿದ್ರೆ ಡಾಕ್ಟರ ಹತ್ರ ಹೋಗ್ಬೇಕು, ನನ್ನ ಹತ್ರ ಯಾಕೆ? ಹೀಗೇ ಒಂದೂವರೆ ಪುಟ! ತಿದ್ದಿ ಕಳಿಸಿ ಅಂದೆ. ಅದಕ್ಕೇನು ಬರೆದ್ಲು ಗೊತ್ತಾ? ‘ಹೇಗೆ ತಿದ್ದಬೇಕು ಎಂದು ದಯವಿಟ್ಟು ತಿಳಿಸುವಿರಾ? ಕಲಿಯುತ್ತೇನೆ.’ ಕಲೀತಾಳಂತೆ!”

ಅವನು ಹೊಟ್ಟೆ ಹಿಡಿದು ನಕ್ಕ. ಅಕ್ಕನ ಕೈಯಲ್ಲಿದ್ದ ಚಮಚ ತಟ್ಟೆಯ ಮೇಲೆಯೇ ನಿಂತಿತ್ತು. ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರನ್ನು ಒಮ್ಮೆ ನೋಡಿದಳು, ಅವರು ಬಾಯಿ ಮುಚ್ಚಿಕೊಂಡರು. ಅವಳು ನೀರು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ನೀರಿನ ಜಗ್ಗು ತುಂಬಿಯೇ ಮೇಜಿನ ಮೇಲಿತ್ತು. ಇದೆಲ್ಲ ಅವನ ಕಣ್ಣಿಗೆ ಬೀಳಲಿಲ್ಲ, ಬೀಳಲು ಅವನು ಫೋನಿನಿಂದ ತಲೆ ಎತ್ತಬೇಕಿತ್ತು.

ಮಂಗಳವಾರ ಅವನು ಆಫೀಸಿನ ಸಭಾಕೊಠಡಿಯಲ್ಲಿ ಭಾಷಣದ ತಾಲೀಮು ಇಟ್ಟುಕೊಂಡ. ಬಂದವರು ಐದು ಜನ. ಅವರಲ್ಲಿ ಪಕ್ಕದ ಮೇಜಿನ ಪರೀಕ್ಷಕಿಯೂ ಇದ್ದಳು. ಬೇರೆಯವರು ಬರೆದ ತಂತ್ರಾಂಶದಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಮೌಸ್ ಬಳಸುತ್ತಾಳೆಂದು ಸಾಹೇಬನಿಗೆ ಅವಳ ಮೇಲೆ ತಾತ್ಸಾರ. ‘ಅತಿಥಿ ೭೧೯’ರ ಪತ್ರ ಗೋಡೆಯ ಮೇಲೆ ಮೂಡಿದಾಗ ನಾಲ್ಕು ಜನ ನಕ್ಕರು. ಪರೀಕ್ಷಕಿ ಪತ್ರವನ್ನು ಓದುತ್ತಾ ಕೂತಿದ್ದಳು.

“ಸಾರ್, ಈಯಮ್ಮ ಹೇಳೋದನ್ನ ನೀವು ಹಾಕಿ ನೋಡಿದ್ರಾ?”

“ಏನನ್ನ?”

“ತಿಂಗಳ ಕೊನೆ ಅಂತಾರಲ್ಲ. ಮೂವತ್ತೊಂದನೇ ತಾರೀಖಿನ ನೈಟ್ ಡ್ಯೂಟಿ ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತೆ. ಆವಾಗ ತಾರೀಖು ಒಂದು. ಅದೇ ಎಂಟಕ್ಕೆ ಇನ್ನೊಂದು ಡ್ಯೂಟಿ ಹಾಕಿದ್ರೆ ಏನನ್ನುತ್ತೆ?”

“ಏನನ್ನುತ್ತೆ? ವಿಶ್ರಾಂತಿ ಇಲ್ಲ ಅನ್ನುತ್ತೆ” ಎಂದು ಅವನು ಎಲ್ಲರ ಮುಂದೆಯೇ ಹಾಕಿ ತೋರಿಸಿದ. ಗೋಡೆಯ ಮೇಲೆ ಬಂತು: ‘ವಿಶ್ರಾಂತಿ: ಸಾಕಷ್ಟು.’

ಕೊಠಡಿಯಲ್ಲಿ ಯಾರೋ ಕೆಮ್ಮಿದರು. ಅವನು ಇದೊಂದು ಅಪರೂಪದ ಸಂದರ್ಭವೆಂದ. ಪರೀಕ್ಷಕಿ ವರ್ಷಕ್ಕೆ ಹನ್ನೆರಡು ಸಲ ಎಂದಳು. ಅವನು ತಾಲೀಮು ಮುಗಿಯಿತೆಂದು ಸಾರಿ ತನ್ನ ಮೇಜಿಗೆ ಬಂದು ಕೋಡ್ ತೆರೆದ. ಆರು ವರ್ಷದ ಹಿಂದೆ ಅವನೇ ಬರೆದದ್ದು. ಮುಂದಿನ ಪಾಳಿ ಶುರುವಾಗುವ ತಾರೀಖಿನಿಂದ ಹಿಂದಿನ ಪಾಳಿ ಶುರುವಾದ ತಾರೀಖು ಕಳೆದು ಬಿಡುವು ಲೆಕ್ಕ ಹಾಕಿದ್ದ. ತಿಂಗಳು ಬದಲಾದರೆ ಒಂದರಿಂದ ಮೂವತ್ತೊಂದು ಕಳೆಯಬೇಕು, ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹಾಗೆ ಹೋದರೆ ವಿಶ್ರಾಂತಿ ಬೇಕಾದಷ್ಟು ಸಿಕ್ಕಿದೆ ಎಂದು ತಿಳಿ, ಎಂದು ಬರೆದು ಕೈತೊಳೆದುಕೊಂಡಿದ್ದ. ಪಕ್ಕದಲ್ಲಿ ಟಿಪ್ಪಣಿ: ‘ಹೀಗಾಗುವುದಿಲ್ಲ.’

ಈಗ ನೋಡಿ, ಮುಚ್ಚುಮರೆ ಕಂಡರೆ ಮೈಯುರಿಯುವ ನಮ್ಮ ಸಾಹೇಬ ಏನು ಮಾಡಬೇಕಿತ್ತು? ಮುಚ್ಚಿದ ದೂರನ್ನು ತೆರೆಯಬೇಕಿತ್ತು, ತಪ್ಪಾಗಿದೆ ಎಂದು ಬರೆಯಬೇಕಿತ್ತು, ಬಳಸುವವರಿಗೆಲ್ಲ ಎಚ್ಚರಿಕೆ ಕೊಡಬೇಕಿತ್ತು. ಆದರೆ ದೂರು ತೆರೆದರೆ ಸೊನ್ನೆ ಹೋಗಿ ಒಂದಾಗುತ್ತದೆ. ಭಾಷಣದ ಹೆಸರು ‘ಒಂದರ ಕಡೆಗೆ’ ಎಂದು ಬದಲಾಯಿಸಲು ಆಗುತ್ತದೆಯೆ? ಅವನು ಹನ್ನೊಂದು ನಿಮಿಷದಲ್ಲಿ ಸಾಲನ್ನು ತಿದ್ದಿದ. ಏನು ಬದಲಾಯಿಸಿದೆ ಎಂದು ಬರೆಯುವ ಜಾಗದಲ್ಲಿ ‘ಟಿಪ್ಪಣಿಗಳಲ್ಲಿ ಕಾಗುಣಿತ ತಿದ್ದುಪಡಿ’ ಎಂದು ಹಾಕಿ, ಹೊಸ ಆವೃತ್ತಿಯನ್ನು ಸದ್ದಿಲ್ಲದೆ ಬಿಡುಗಡೆ ಮಾಡಿದ. ಮನಸ್ಸು ಸ್ವಲ್ಪ ಚುಚ್ಚಿತು. ಕಾಫಿ ಕುಡಿದ ಮೇಲೆ ಅದೂ ಸುಮ್ಮನಾಯಿತು.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಭಾವನ ಫೋನು ಬಂತು.

“ನಿಮ್ಮಕ್ಕನ್ನ ಸುಳ್ಳಿ ಮಾಡಿಬಿಟ್ರು ಕಣಪ್ಪ. ಕಂಪನಿಯವನು ಎಲ್ಲರ ಮುಂದೆ ಪರದೆ ಮೇಲೆ ಹಾಕಿ ತೋರಿಸಿದ. ಮೂವತ್ತೊಂದರ ನೈಟು, ಒಂದನೇ ತಾರೀಖಿನ ಬೆಳಗಿನ ಡ್ಯೂಟಿ. ವಿಶ್ರಾಂತಿ ಇಲ್ಲ ಅಂತ ಕೆಂಪಗೆ ಬಂತು, ಸರಿಯಾಗೇ ಬಂತು! ನಾಲ್ಕು ತಿಂಗಳಿಂದ ತಪ್ಪು ಬರ್ತಿದ್ದದ್ದು ಇವತ್ತು ಹೇಗೆ ಸರಿಯಾಯ್ತು? ಕಂಪ್ಯೂಟರ್ ಸರಿ ಇದೆ, ಈಯಮ್ಮನೇ ಬೇಕಂತ ಪಟ್ಟಿ ಕೆಡಿಸಿದ್ದು ಅಂತಿದ್ದಾರೆ. ಮೂರು ಗಂಟೆಗೆ ತೀರ್ಮಾನ.”

“ಭಾವ, ಆ ಬಿಟ್ಟಿ ಭಾಗದ ಹೆಸರೇನು?”

“ಬಿಡುವು. ಅವತ್ತು ನೀನು ರಾಗ ಎಳೆದು ಓದಿದ್ಯಲ್ಲ, ಅದು ನಿಮ್ಮಕ್ಕ ಬರೆದಿದ್ದು. ಹೇಳಬೇಡಿ ಅಂತ ನನ್ನ ಬಾಯಿ ಕಟ್ಟಿದ್ದಾಳೆ. ನನಗಿನ್ನು ತಡಕೊಳ್ಳೋಕಾಗಲ್ಲ.”

ಅವನು ಲ್ಯಾಪ್‌ಟಾಪು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಓಡಿದ. ಲಿಫ್ಟು ಬಂದು ಬಾಗಿಲು ತೆರೆದು ನಿಂತಿತ್ತು, ಅದೂ ಕಾಣಲಿಲ್ಲ. ಟ್ಯಾಕ್ಸಿಯಲ್ಲಿ ಕೂತು ಅವನು ಆ ಪತ್ರ ತೆರೆದ. ಮೂರು ವಾರದಿಂದ ಅದನ್ನಿಟ್ಟುಕೊಂಡು ನಗಾಡಿದ್ದವನು ಅದರಲ್ಲಿ ಓದಿದ್ದು ಮೂರು ಸಾಲು ಮಾತ್ರ. ಜೊತೆಗೆ ಒಂದು ಫೋಟೋ ಇತ್ತು, ಅದನ್ನು ಒತ್ತಿ ನೋಡಿಯೇ ಇರಲಿಲ್ಲ. ಒತ್ತಿದ. ಆಸ್ಪತ್ರೆಯ ಡ್ಯೂಟಿ ಪಟ್ಟಿ. ಅಂಚಿನಲ್ಲಿ ಪೆನ್ನಿನ ತಿದ್ದುಪಡಿಗಳು. ಆ ಗುಂಡು ಅಕ್ಷರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದನೇ ತರಗತಿಯಲ್ಲಿ ಅವನ ಕೈ ಹಿಡಿದು ತಿದ್ದಿಸಿದ ಅಕ್ಷರ ಅದು. ಟ್ಯಾಕ್ಸಿಯ ಕಿಟಕಿಯ ಕಡೆ ಮುಖ ತಿರುಗಿಸಿ ಅವನು ಅತ್ತ.

ವಿಚಾರಣೆಯ ಕೊಠಡಿಯಲ್ಲಿ ಉದ್ದನೆಯ ಮೇಜು, ಗೋಡೆಗೆ ಪರದೆ, ಒಂದು ಕೊನೆಯಲ್ಲಿ ಆಸ್ಪತ್ರೆಯ ಅಧೀಕ್ಷಕಿ. ಅವರ ಬಲಕ್ಕೆ ಇಸ್ತ್ರಿ ಮುರಿಯದ ಅಂಗಿಯ ಕಂಪನಿ ಪ್ರತಿನಿಧಿ. ಎದುರಿಗೆ ಅಕ್ಕ, ಬಿಳಿ ಸಮವಸ್ತ್ರದಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತ ತಮ್ಮನನ್ನು ಕಂಡು ಅವಳು ಬಾಗಿಲಾಚೆ ಇದ್ದ ಗಂಡನ ಕಡೆ ನೋಡಿದಳು. ಭಾವ ನೆಲ ನೋಡಿದರು.

“ಯಾರು ನೀವು?” ಎಂದರು ಅಧೀಕ್ಷಕಿ.

“ಮೇಡಂ, ಆ ತಂತ್ರಾಂಶದ ಒಳಗಿರೋ ‘ಬಿಡುವು’ ಅನ್ನೋದನ್ನ ಬರೆದೋನು ನಾನು. ತಪ್ಪು ಇದ್ದದ್ದು ಅದರಲ್ಲೇ.”

ಕಂಪನಿ ಪ್ರತಿನಿಧಿ ಒಂದು ಕೂದಲೂ ಅಲುಗದಂತೆ ನಕ್ಕ. ಅವನ ಬಳಿ ಎರಡು ಹಾಳೆ ತಯಾರಿತ್ತು. ಮೊದಲನೆಯದು ‘ಬಿಡುವು’ ಪುಟದ ಪ್ರತಿ. “ಇವರದೇ ಪುಟ, ಮೇಡಂ. ಬಾಕಿ ದೂರುಗಳು ಸೊನ್ನೆ. ತಪ್ಪಿದ್ದರೆ ಒಂದಾದರೂ ದೂರು ಇರಬೇಕಿತ್ತಲ್ಲ?” ಎರಡನೆಯದು ಲೈಸೆನ್ಸು. “ಹೊಣೆ ತಮ್ಮದಲ್ಲ ಅಂತ ಇವರೇ ಬರೆದಿದ್ದಾರೆ. ನಮ್ಮದೂ ಅಲ್ಲ. ಹಾಗಾದ್ರೆ ಉಳಿದವರು ಯಾರು? ಪಟ್ಟಿ ತಿದ್ದಿದವರು.”

ಆರು ವರ್ಷ ಊರಿಗೆಲ್ಲ ಡಂಗುರ ಸಾರಿದ ಎರಡೂ ವಿಷಯಗಳು ಹೀಗೆ ನೀಟಾಗಿ ಮುದ್ರಣವಾಗಿ ಅಕ್ಕನ ಕುತ್ತಿಗೆಗೆ ಬಂದು ಕೂತಿದ್ದವು. ಸಾಹೇಬ ತನ್ನ ಲ್ಯಾಪ್‌ಟಾಪನ್ನು ಗೋಡೆಯ ಪರದೆಗೆ ಜೋಡಿಸಿದ. ಮಂಗಳವಾರಕ್ಕಿಂತ ಹಿಂದಿನ ಆವೃತ್ತಿಯನ್ನು ತೆರೆದು ಅದೇ ಎರಡು ಡ್ಯೂಟಿ ಹಾಕಿದ. ‘ವಿಶ್ರಾಂತಿ: ಸಾಕಷ್ಟು.’

ಅಧೀಕ್ಷಕಿ ಕನ್ನಡಕ ಸರಿಮಾಡಿಕೊಂಡರು. “ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು ಡ್ಯೂಟಿ ಮಾಡಿ, ಮತ್ತೆ ಎಂಟಕ್ಕೇ ಶುರು. ಇದು ಸಾಕಷ್ಟಾ?”

“ನನ್ನ ಕೋಡ್ ಪ್ರಕಾರ ಹೌದು ಮೇಡಂ. ಮಂಗಳವಾರ ನಾನು ಸರಿ ಮಾಡಿದೆ. ಇವರ ಕಂಪನಿ ಹೊಸ ಆವೃತ್ತಿ ಬಂದ ಕೂಡಲೇ ಕಣ್ಣುಮುಚ್ಚಿ ಎಳಕೊಳ್ಳುತ್ತೆ. ಅದಕ್ಕೇ ಬೆಳಿಗ್ಗೆ ನಿಮಗೆ ಸರಿಯಾಗಿ ಕಂಡಿದ್ದು.”

ಅವನು ಮಂಗಳವಾರದ ಬದಲಾವಣೆಯನ್ನು ತೋರಿಸಿದ. ಅಧೀಕ್ಷಕಿ ಅದರ ತಲೆಬರಹ ಓದಿದರು. “ಕಾಗುಣಿತ ತಿದ್ದುಪಡಿ ಅಂತಿದೆಯಲ್ಲ?”

“ಸುಳ್ಳು ಬರೆದೆ ಮೇಡಂ.”

“ಯಾಕೆ?”

“ತಪ್ಪಿತ್ತು ಅಂತ ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಅಂತ.”

ಮುಖದ ನೀರಿಳಿಯುವುದು ಎಂದರೇನೆಂದು ಅವನಿಗೆ ಆಗ ತಿಳಿಯಿತು. ಹಣೆಯಿಂದ ನಿಜವಾಗಿಯೂ ಬೆವರು ಇಳಿಯುತ್ತಿತ್ತು. ಮುಚ್ಚಿಟ್ಟ ದೂರುಗಳ ಪಟ್ಟಿ ತೆರೆದ. ಇನ್ನೂರ ಹದಿನಾರು. ಅದರಲ್ಲಿ ‘ತಿಂಗಳ ಕೊನೆ’ ಎಂದು ಹುಡುಕಿದ. ಹತ್ತೊಂಬತ್ತು ಸಿಕ್ಕವು. ಹತ್ತೊಂಬತ್ತು ಜನ ಬೇರೆ ಬೇರೆ ಊರುಗಳಿಂದ ಒಂದೇ ಮಾತನ್ನು ಬರೆದಿದ್ದರು, ಹತ್ತೊಂಬತ್ತು ಜನಕ್ಕೂ ತಿದ್ದಿ ಕಳಿಸಿ ಎಂಬ ಉತ್ತರ ಹೋಗಿತ್ತು. ಅವನು ಒಂದೊಂದನ್ನೇ ಮತ್ತೆ ತೆರೆಯುತ್ತಾ ಬಂದ. ಪುಟದ ನೆತ್ತಿಯ ಮೇಲಿನ ಅಂಕಿ ಏರುತ್ತಾ ಹೋಗಿ ಹತ್ತೊಂಬತ್ತಕ್ಕೆ ನಿಂತಿತು, ಹಸಿರು ಹೋಗಿ ಕೆಂಪಾಯಿತು. ಕಂಪನಿ ಪ್ರತಿನಿಧಿ ತನ್ನ ಮೊದಲ ಹಾಳೆಯನ್ನು ಮಡಚಿ ಜೇಬಿಗಿಟ್ಟ.

“ಇದು ನಮ್ಮ ಸಿಸ್ಟರ್ ಬರೆದಿದ್ದಾ?” ಅಧೀಕ್ಷಕಿ ಕೊನೆಯದರ ಜೊತೆಗಿದ್ದ ಡ್ಯೂಟಿ ಪಟ್ಟಿಯ ಫೋಟೋ ತೋರಿಸಿದರು. “ಪೂರ್ತಿ ಓದಿ.”

ಓದಿದ. ಈ ಸಲ ರಾಗವಿರಲಿಲ್ಲ. ನಾಲ್ಕು ತಿಂಗಳಲ್ಲಿ ಯಾವ ತಾರೀಖು, ಯಾವ ಪಾಳಿ, ಯಾರಿಗೆ ಎಷ್ಟು ಗಂಟೆ ನಿದ್ದೆ ತಪ್ಪಿತು, ಎಲ್ಲವೂ ಕ್ರಮವಾಗಿ ಇತ್ತು. ಯಾವ ಪ್ರೋಗ್ರಾಮರನೂ ಅಷ್ಟು ಚೊಕ್ಕವಾದ ದೂರನ್ನು ಅವನಿಗೆ ಬರೆದಿರಲಿಲ್ಲ. ಕೊನೆಯ ಸಾಲು ಹೀಗಿತ್ತು: ‘ಸದ್ಯಕ್ಕೆ ನಾನೇ ಪೆನ್ನಿನಲ್ಲಿ ತಿದ್ದುತ್ತಿದ್ದೇನೆ. ನಾನು ರಜೆಯಲ್ಲಿದ್ದ ತಿಂಗಳು ಯಾರು ನೋಡುತ್ತಾರೆ ಎಂಬ ಚಿಂತೆಯಿಂದ ತಮಗೆ ತೊಂದರೆ ಕೊಡುತ್ತಿದ್ದೇನೆ.’ ಅಲ್ಲಿಗೆ ಬರುವಾಗ ಅವನು ಎರಡು ಸಲ ನೀರು ಕುಡಿದು ಓದಿ ಮುಗಿಸಿದ.

ಅಧೀಕ್ಷಕಿ ನೋಟಿಸನ್ನು ಎತ್ತಿಕೊಂಡು ಅದರ ಮೇಲೆ ‘ರದ್ದು’ ಎಂದು ಬರೆದು ಸಹಿ ಹಾಕಿದರು. ಅಕ್ಕನಿಗೆ ಡ್ಯೂಟಿಗೆ ಹೋಗಿ ಎಂದರು. ಕಂಪನಿ ಪ್ರತಿನಿಧಿಗೆ ನೀವು ಕೂತಿರಿ ಎಂದರು.

ಹೊರಗಿನ ಕಾರಿಡಾರಿನಲ್ಲಿ ಅಕ್ಕ ವಾರ್ಡಿನ ಕಡೆಗೆ ಬಿರುಸಾಗಿ ನಡೆಯುತ್ತಿದ್ದಳು. ಅವನು ಹಿಂದೆ ಹಿಂದೆಯೇ ಓಡಿದ. ಜೇಬಿನಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು. ದೂರು ಮತ್ತೆ ತೆರೆದ ಸುದ್ದಿ ಬರೆದವರಿಗೆಲ್ಲ ತಲುಪಿ ಅವರು ಉತ್ತರ ಬರೆಯತೊಡಗಿದ್ದರು.

“ಅಕ್ಕ, ನಿಂತ್ಕೋ. ನಂದು ತಪ್ಪಾಯ್ತು. ದೊಡ್ಡ ತಪ್ಪಾಯ್ತು.”

“ಆಯ್ತು ಬಿಡು. ಬಂದು ಹೇಳಿದ್ಯಲ್ಲ, ಎಲ್ಲರ ಮುಂದೆ. ಅದು ಸುಲಭ ಇರಲಿಲ್ಲ, ಗೊತ್ತು.”

“ಭಾನುವಾರ ನಾನು ಅಷ್ಟು ನಕ್ಕೆ. ಒಂದು ಮಾತು ಹೇಳಬಾರದಿತ್ತಾ? ಬರೆದೋಳು ನೀನು ಅಂತ ಗೊತ್ತಿದ್ದಿದ್ರೆ ಅವತ್ತೇ, ಆ ಕ್ಷಣಾನೇ ಸರಿ ಮಾಡ್ತಿದ್ದೆ. ಆಣೆ ಮಾಡಿ ಹೇಳ್ತೀನಿ.”

ಅಕ್ಕ ನಿಂತಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಚಿಕ್ಕಂದಿನಲ್ಲಿ ಅವನಿಗೆ ಜ್ವರ ಬಂದಾಗ ನೋಡುತ್ತಿದ್ದ ಹಾಗೆಯೇ ನೋಡಿದಳು.

“ಮಾಡ್ತಿದ್ದೆ ಅಂತ ನಂಗೂ ಗೊತ್ತು ಕಣೋ. ಅದಕ್ಕೇ ಹೇಳ್ಲಿಲ್ಲ. ನನ್ನ ವಾರ್ಡಲ್ಲಿ ಮೂವತ್ತು ಜನ ಮಲಗಿದಾರೆ. ಅವರಲ್ಲಿ ಒಬ್ಬರೂ ನನ್ನ ತಮ್ಮ ಅಲ್ಲ.”

ಒಳಗಿನಿಂದ ಯಾರೋ ಕರೆಗಂಟೆ ಒತ್ತಿದರು. ಅವಳು ಬಂದೆ ಎನ್ನುತ್ತಾ ಬಾಗಿಲು ತಳ್ಳಿಕೊಂಡು ಹೋದಳು.